ಬೇಲಿ ಒಳಗಿನವರಿಗೋ, ಹೊರಗಿನವರಿಗೋ?

2012ರ ಅಮೆರಿಕ ಚುನಾವಣೆ ಹೊತ್ತಿನಲ್ಲಿ ಮಿಟ್ ರಾಮ್ನಿಯ ಒಂದು ವಿಡಿಯೋ ಹೊರಬಿದ್ದಿದ್ದು ನಿಮಗೆ ನೆನಪಿರಬಹುದು. ದೇಣಿಗೆ ಕೊಡುವ ದೊಡ್ಡ ಕುಳಗಳ ಖಾಸಗಿ ಕೂಟದಲ್ಲಿ ಯಾರೋ ಕದ್ದು ತೆಗೆದದ್ದು. ಅದರಲ್ಲಿ "ಶೇಕಡಾ 47 ಜನ" ಅಂತ ಆತ ಆಡಿದ ಮಾತೇ ದೊಡ್ಡ ಗುಲ್ಲಾಯಿತು. ಆದರೆ ನನ್ನ ತಲೆಯಲ್ಲಿ ಉಳಿದುಕೊಂಡಿದ್ದು ಆ ವಿಡಿಯೋದ ಬೇರೆಯೇ ಒಂದು ತುಣುಕು. ಹದಿಮೂರು ವರ್ಷ ಕಳೆದರೂ ಹೋಗಿಲ್ಲ.

ರಾಮ್ನಿ ಹೂಡಿಕೆ ವ್ಯವಹಾರದಲ್ಲಿದ್ದ ಕಾಲದಲ್ಲಿ ಒಂದು ಕಾರ್ಖಾನೆ ಕೊಳ್ಳೋಣ ಅಂತ ಚೀನಾಕ್ಕೆ ಹೋಗಿದ್ದರಂತೆ. ಸುಮಾರು 20,000 ಕೆಲಸಗಾರರು. ಹೆಚ್ಚುಕಮ್ಮಿ ಎಲ್ಲರೂ ಹದಿನೆಂಟರಿಂದ ಇಪ್ಪತ್ತೆರಡು-ಇಪ್ಪತ್ತಮೂರರ ಹೆಣ್ಣುಮಕ್ಕಳು. ಒಂದೊಂದು ಕೋಣೆಯಲ್ಲಿ ಹನ್ನೆರಡು ಜನ, ಒಂದರ ಮೇಲೊಂದರಂತೆ ಮೂರು ಅಂತಸ್ತಿನ ಮಂಚ. ಹತ್ತು ಕೋಣೆಗಳ ಸಾಲಿನ ಕೊನೆಗೆ ಒಂದು ಪುಟ್ಟ ಬಚ್ಚಲು. ಪುಡಿಗಾಸಿನ ಸಂಬಳ. ಕಾರ್ಖಾನೆ ಸುತ್ತ ಎತ್ತರದ ಬೇಲಿ, ಮುಳ್ಳುತಂತಿ, ಕಾವಲು ಗೋಪುರ. ಈ ಹುಡುಗಿಯರನ್ನ ಹೀಗೆ ಕೂಡಿಹಾಕಿದ್ದೀರಲ್ಲ ಅಂತ ಇವರು ಕೇಳಿದರೆ, ಅಲ್ಲಿನವರು ಹೇಳಿದರಂತೆ: ಅಯ್ಯೋ ಇಲ್ಲ, ಇದು ಒಳಗಿನವರು ಹೊರಗೆ ಹೋಗದಿರಲಿ ಅಂತ ಹಾಕಿದ್ದಲ್ಲ, ಕೆಲಸ ಬೇಕು ಅಂತ ಹೊರಗಿನವರು ಒಳಗೆ ನುಗ್ಗದಿರಲಿ ಅಂತ!

ರಾಮ್ನಿ ಈ ಕತೆ ಹೇಳಿದ್ದು ಆ ಹುಡುಗಿಯರ ಪರವಾಗೇನೂ ಅಲ್ಲ. ಅಮೆರಿಕದಲ್ಲಿ ಹುಟ್ಟಿದವರು ಎಷ್ಟು ಪುಣ್ಯವಂತರು ನೋಡಿ ಅಂತ ಕೂಟದವರಿಗೆ ಮನದಟ್ಟು ಮಾಡೋದಕ್ಕೆ. ಅದೇ ವರ್ಷ ಅದೇ ಮನುಷ್ಯ ಊರೂರು ತಿರುಗಿ, ನಾನು ಗೆದ್ದರೆ ಮೊದಲ ದಿನವೇ ಚೀನಾವನ್ನು ಕರೆನ್ಸಿ ಮೋಸಗಾರ ಅಂತ ಘೋಷಿಸುತ್ತೇನೆ ಅನ್ನುತ್ತಿದ್ದರು. ವ್ಯಾಪಾರಿಯಾಗಿ ಹೋದಾಗ ಆ ಹುಡುಗಿ ಅಗ್ಗದ ಕೈ. ಕೂಟದಲ್ಲಿ ಅವಳು ಪಾಪದ ಕೂಸು. ಪ್ರಚಾರ ಸಭೆಯಲ್ಲಿ ಅಮೆರಿಕದವರ ಕೆಲಸ ಕಸಿಯೋ ಕಳ್ಳಿ. ಮೂರೂ ಒಬ್ಬಳೇ.

ನನಗೆ ಇನ್ನೂ ಅಚ್ಚರಿ ಅನ್ನಿಸೋದು ಬೇಲಿ ಬಗ್ಗೆ ಕೇಳಿದ್ದು ಯಾರನ್ನ ಅನ್ನೋದು. ಕಾರ್ಖಾನೆಯವರನ್ನ. 20,000 ಜನ ಒಳಗಿದ್ದರು, ಅವರಲ್ಲಿ ಒಬ್ಬಳನ್ನು ಕರೆದು ಕೇಳಿದ ಪ್ರಸ್ತಾಪವೇ ಆ ಕತೆಯಲ್ಲಿಲ್ಲ.

ಇದೇನು ರಾಮ್ನಿ ಒಬ್ಬರದೇ ಕತೆಯಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚೀನಾದ ಕಾರ್ಖಾನೆ ಕೆಲಸಗಾರರ ಬಗ್ಗೆ ರಾಜಕಾರಣಿಗಳ ಮಾತು ಎಷ್ಟು ಸಲ ಮಗ್ಗುಲು ಬದಲಿಸಿದೆ ಅಂತ ಸುಮ್ಮನೆ ಒಂದು ಕಡೆ ಬರೆದಿಡುತ್ತಾ ಬಂದೆ. ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಹೊಡೆಯೋಕೆ ಶುರುವಾಯಿತು: ಮಾತು ಬದಲಾದಾಗೆಲ್ಲ ಆ ಕೆಲಸಗಾರರ ಸ್ಥಿತಿಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಮಾತಾಡುವವರ ಲೆಕ್ಕಾಚಾರ.

ಕ್ಲಿಂಟನ್ ಇಂದ ಶುರು ಮಾಡೋಣ. 1989ರಲ್ಲಿ ತಿಯಾನನ್ಮೆನ್ ಆಗಿತ್ತು. 1992ರಲ್ಲಿ ಚುನಾವಣೆಗೆ ನಿಂತ ಕ್ಲಿಂಟನ್, ಬಾಗ್ದಾದಿನಿಂದ ಬೀಜಿಂಗಿನ ತನಕ ಯಾವ ಸರ್ವಾಧಿಕಾರಿಯನ್ನೂ ಮುದ್ದು ಮಾಡದ ಅಮೆರಿಕ ಬೇಕು ಅಂತ ಗುಡುಗಿದರು. ಗೆದ್ದರು. 1993ರ ಮೇ ತಿಂಗಳಲ್ಲಿ ಒಂದು ಆದೇಶವನ್ನೂ ಹೊರಡಿಸಿದರು: ಮಾನವ ಹಕ್ಕಿನ ವಿಷಯದಲ್ಲಿ ಚೀನಾ ಸುಧಾರಿಸಿಕೊಂಡರೆ ಮಾತ್ರ ಮುಂದಿನ ವರ್ಷ "ಪರಮಾಪ್ತ ರಾಷ್ಟ್ರ" ಸ್ಥಾನಮಾನ, ಅಂದರೆ ಕಡಿಮೆ ಸುಂಕದ ಸವಲತ್ತು. ಜೈಲು ಕೈದಿಗಳಿಂದ ಮಾಡಿಸಿದ ಸಾಮಾನನ್ನು ಅಮೆರಿಕಕ್ಕೆ ಕಳಿಸಬಾರದು ಅನ್ನೋದೂ ಅದರ ಷರತ್ತುಗಳಲ್ಲಿ ಒಂದು.

ಆ ಷರತ್ತಿನ ವರ್ಷದ ನಡುವೆಯೇ, 1993ರ ನವೆಂಬರ್ 19ರಂದು, ಷೆನ್‌ಜೆನ್‌ನ ಝಿಲಿ ಅನ್ನೋ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಹಾಂಗ್‌ಕಾಂಗ್ ಮಾಲೀಕರದ್ದು, ಯುರೋಪಿನ ಮಕ್ಕಳಿಗೆ ಗೊಂಬೆ ಮಾಡುತ್ತಿದ್ದ ಜಾಗ. ಸಾಮಾನು ಕಳುವಾಗದಿರಲಿ ಅಂತ ಕಿಟಕಿಗಳಿಗೆ ಕಬ್ಬಿಣದ ಸರಳು, ಬಾಗಿಲುಗಳಿಗೆ ಬೀಗ. 87 ಜನ ಸತ್ತರು. ಬಹುತೇಕ ಎಲ್ಲರೂ ದೂರದ ಹಳ್ಳಿಗಳಿಂದ ಬಂದ ಹುಡುಗಿಯರು. ರಾಮ್ನಿಗೆ ಹೇಳಿದ ಆ ಬೇಲಿಯ ಕತೆ ಓದುವಾಗೆಲ್ಲ ನನಗೆ ಈ ಕಿಟಕಿಗಳು ನೆನಪಾಗುತ್ತವೆ. ಆ ಸರಳು ಯಾರನ್ನು ತಡೆಯೋಕೆ ಹಾಕಿದ್ದೋ, ಬೆಂಕಿ ಬಿದ್ದಾಗ ತಡೆದಿದ್ದು ಯಾರನ್ನೋ.

ಇದಾಗಿ ಆರು ತಿಂಗಳಿಗೆ, 1994ರ ಮೇ 26ರಂದು, ಕ್ಲಿಂಟನ್ ತಮ್ಮದೇ ಷರತ್ತನ್ನು ಕೈಬಿಟ್ಟರು. ಚೀನಾ ಅಂಥಾ ಪ್ರಗತಿ ಏನೂ ಸಾಧಿಸಿಲ್ಲ ಅಂತ ಅವರೇ ಒಪ್ಪಿಕೊಂಡರು, ಆದರೂ ವ್ಯಾಪಾರವನ್ನೂ ಮಾನವ ಹಕ್ಕನ್ನೂ ಒಂದೇ ದಾರದಲ್ಲಿ ಕಟ್ಟೋದು ಇನ್ನು ಬೇಡ ಅಂದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ಹಾಗೆ ಒಂದೆರಡು ಬಗೆಯ ಸಾಮಾನಿಗೆ ನಿಷೇಧ ಉಳಿಸಿಕೊಂಡರು ಅಷ್ಟೇ.

2000ನೇ ಇಸವಿ ಹೊತ್ತಿಗೆ ಇದು ಪೂರ್ತಿ ಸಿದ್ಧಾಂತವೇ ಆಗಿಬಿಟ್ಟಿತ್ತು. ವ್ಯಾಪಾರ ಬೆಳೆದರೆ ಸ್ವಾತಂತ್ರ್ಯ ತಾನೇ ಬರುತ್ತೆ, ಚೀನಾ ನಮ್ಮ ಸಾಮಾನಿನ ಜೊತೆ ನಮ್ಮ ಮೌಲ್ಯವನ್ನೂ ಆಮದು ಮಾಡಿಕೊಳ್ಳುತ್ತೆ ಅಂತ ಕ್ಲಿಂಟನ್ ಭಾಷಣ ಮಾಡಿದರು. ಚೀನಾಕ್ಕೆ ಕಾಯಂ ವ್ಯಾಪಾರ ಸ್ಥಾನಮಾನ ಕೊಡುವ ಮಸೂದೆ ಕೆಳಮನೆಯಲ್ಲಿ 237-197ರಿಂದ, ಸೆನೆಟ್‌ನಲ್ಲಿ 83-15ರಿಂದ ಪಾಸಾಯಿತು. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಯೊಳಕ್ಕೆ ಬಂತು. ಆ 83 ಜನರಲ್ಲಿ ಜೋ ಬೈಡನ್ ಅಂತ ಒಬ್ಬ ಸೆನೆಟರ್ ಇದ್ದರು, ಅವರ ಹತ್ತಿರ ಮತ್ತೆ ಬರುತ್ತೇನೆ. ಎಲ್ಲರೂ ಹೀಗೆ ಅಂತಲೂ ಅಲ್ಲ. ನ್ಯಾನ್ಸಿ ಪೆಲೋಸಿ 1991ರಲ್ಲಿ ತಿಯಾನನ್ಮೆನ್ ಚೌಕದಲ್ಲೇ ಬ್ಯಾನರ್ ಬಿಚ್ಚಿ ನಿಂತಿದ್ದರು, 2000ದಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷರ ಮಸೂದೆಗೆ ವಿರುದ್ಧ ಮತ ಹಾಕಿದರು. ಅವರ ಬೇರೆ ರಾಜಕೀಯ ಏನೇ ಇರಲಿ, ಈ ವಿಷಯದಲ್ಲಿ ಮಾತು ಬದಲಿಸಲಿಲ್ಲ.

ಈಗ ಸ್ವಲ್ಪ ಒಣ ವಿಷಯ, ತಾಳ್ಮೆ ಇರಲಿ. ಅಮೆರಿಕದ 1974ರ ವ್ಯಾಪಾರ ಕಾಯಿದೆಯಲ್ಲಿ 301 ಅಂತ ಒಂದು ಸೆಕ್ಷನ್ ಇದೆ. ಬೇರೆ ದೇಶ ಅನ್ಯಾಯದ ವ್ಯಾಪಾರ ಮಾಡಿದರೆ ಸುಂಕ ಹಾಕಬಹುದು ಅನ್ನುತ್ತೆ ಅದು. ಕಾರ್ಮಿಕರ ಹಕ್ಕನ್ನು ಪದೇ ಪದೇ ತುಳಿಯೋದೂ ಅನ್ಯಾಯದ ವ್ಯಾಪಾರವೇ ಅಂತ 1988ರಲ್ಲಿ ಅದಕ್ಕೆ ಸೇರಿಸಿದರು. 2004ರ ಮಾರ್ಚಿನಲ್ಲಿ ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟ ಇದನ್ನೇ ಹಿಡಿದು ಅರ್ಜಿ ಹಾಕಿತು. ಚೀನಾದಲ್ಲಿ ಕೆಲಸಗಾರರಿಗೆ ಸಂಘ ಕಟ್ಟೋಕೆ ಬಿಡೋದಿಲ್ಲ, ಅದಕ್ಕೇ ಕೂಲಿ ಇಷ್ಟು ಕಡಿಮೆ, ಆದ್ದರಿಂದ ಕ್ರಮ ತೆಗೆದುಕೊಳ್ಳಿ ಅಂತ. ಜಾರ್ಜ್ ಬುಷ್ ಸರಕಾರ ಮುಂದಿನ ತಿಂಗಳೇ ತಳ್ಳಿಹಾಕಿತು. 2006ರಲ್ಲಿ ಮತ್ತೆ ಅರ್ಜಿ, ಮತ್ತೆ ತಿರಸ್ಕಾರ.

ಆ 2006ರಲ್ಲೇ ಇನ್ನೊಂದು ತಮಾಷೆ ನಡೆಯಿತು. ಚೀನಾ ಸರಕಾರ ಹೊಸದೊಂದು ಕಾರ್ಮಿಕ ಒಪ್ಪಂದ ಕಾನೂನಿನ ಕರಡನ್ನು ಜನರ ಮುಂದಿಟ್ಟಿತು. ಪ್ರತಿಯೊಬ್ಬ ಕೆಲಸಗಾರನಿಗೂ ಲಿಖಿತ ಒಪ್ಪಂದ ಕೊಡಬೇಕು, ಮನಸ್ಸಿಗೆ ಬಂದ ಹಾಗೆ ಕಿತ್ತುಹಾಕುವಂತಿಲ್ಲ, ಹೀಗೆ. ಒಂದು ತಿಂಗಳಲ್ಲಿ 1,91,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಕರಡನ್ನು ಬಲವಾಗಿ ವಿರೋಧಿಸಿದವರಲ್ಲಿ ಶಾಂಘೈನ ಅಮೆರಿಕನ್ ಚೇಂಬರ್ ಆಫ್ ಕಾಮರ್ಸ್ ಮುಂಚೂಣಿಯಲ್ಲಿತ್ತು! ಇಷ್ಟು ರಕ್ಷಣೆ ಕೊಟ್ಟರೆ ಚೀನಾದ ಪೈಪೋಟಿ ಶಕ್ತಿ ಕುಗ್ಗುತ್ತೆ, ಉದ್ಯೋಗ ಕಡಿಮೆಯಾಗುತ್ತೆ ಅನ್ನೋದು ಅದರ ಕಳಕಳಿ. ಚೀನಾದಲ್ಲಿ ಕಾರ್ಮಿಕರಿಗೆ ರಕ್ಷಣೆಯಿಲ್ಲ ಅಂತ ವಾಷಿಂಗ್ಟನ್‌ನಲ್ಲಿ ಮರುಗೋದು, ರಕ್ಷಣೆ ಕೊಡೋಕೆ ಹೊರಟರೆ ಶಾಂಘೈಯಲ್ಲಿ ಬೇಡ ಅನ್ನೋದು. ವ್ಯಾಪಾರದಿಂದ ಸ್ವಾತಂತ್ರ್ಯ ತಾನೇ ಬರುತ್ತೆ ಅಂದಿದ್ದರಲ್ಲ, ಅದು ಬರುವಾಗ ಬಾಗಿಲಲ್ಲಿ ತಡೆದು ನಿಲ್ಲಿಸಿದವರು ಇವರೇ :-)

ಅಮೆರಿಕದವರನ್ನಷ್ಟೇ ಬೈದರೆ ಅನ್ಯಾಯ. ಚೀನಾದ ಸಂವಿಧಾನದ ಮೊದಲ ಕಲಮಿನಲ್ಲೇ ಇದು ಕಾರ್ಮಿಕ ವರ್ಗದ ನಾಯಕತ್ವದ ದೇಶ ಅಂತಿದೆ. 1975 ಮತ್ತು 1978ರ ಸಂವಿಧಾನಗಳಲ್ಲಿ ಮುಷ್ಕರದ ಹಕ್ಕೂ ಇತ್ತು. 1982ರಲ್ಲಿ, ಅಂದರೆ ಷೆನ್‌ಜೆನ್‌ನಂಥ ವಿಶೇಷ ವಲಯಗಳು ಕಣ್ಣುಬಿಡುತ್ತಿದ್ದ ಹೊತ್ತಿಗೆ ಸರಿಯಾಗಿ, ಅದನ್ನು ತೆಗೆದುಹಾಕಿದರು. ಈ ವಿಶೇಷ ವಲಯ ನೋಡಿ ಮಾರುಹೋಗಿ ಬಂದು ನಮ್ಮ ಮುರಸೊಳಿ ಮಾರನ್ 2000ದಲ್ಲಿ ಎಸ್‌ಇಜೆಡ್ ನೀತಿ ತಂದದ್ದು, ನಿಮಗೆ ಗೊತ್ತೇ ಇದೆ.

ಚೀನಾದ ನಾಯಕರ ಅನುಕಂಪಕ್ಕೂ ಬೇರೆಯದೇ ಒಂದು ಶೈಲಿ ಇದೆ. 2003ರ ಅಕ್ಟೋಬರ್‌ನಲ್ಲಿ ಪ್ರಧಾನಿ ವೆನ್ ಜಿಯಾಬಾವೋ ಚೋಂಗ್‌ಚಿಂಗ್ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ರೈತ ಮಹಿಳೆಯೊಬ್ಬಳು ಧೈರ್ಯ ಮಾಡಿ, ನನ್ನ ಗಂಡನಿಗೆ 2,240 ಯುವಾನ್ ಕೂಲಿ ಬಾಕಿ ಇದೆ ಅಂದಳು. ಅದೇ ರಾತ್ರಿ ದುಡ್ಡು ಮನೆ ಬಾಗಿಲಿಗೆ ಬಂತು. ದೇಶಕ್ಕೆ ದೇಶವೇ ಕೊಂಡಾಡಿತು, ಬಾಕಿ ಕೂಲಿ ವಸೂಲಿಗೆ ದೊಡ್ಡ ಅಭಿಯಾನವೂ ನಡೆಯಿತು. ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಕಟ್ಟಡ ಕಟ್ಟಿದವನ ಕೂಲಿ ಕೊಡಿಸೋಕೆ ದೇಶದ ಪ್ರಧಾನಿಯೇ ಹಳ್ಳಿಗೆ ಬರಬೇಕಾಯಿತಲ್ಲ ಅನ್ನೋದನ್ನು ಯಾರೂ ಜೋರಾಗಿ ಕೇಳಲಿಲ್ಲ. ನಮ್ಮಲ್ಲಿ ಜನತಾದರ್ಶನದಲ್ಲಿ ಮುಖ್ಯಮಂತ್ರಿ ಕೈಯಲ್ಲಿ ಅರ್ಜಿಗೆ ಸಹಿ ಹಾಕಿಸಿಕೊಂಡು ಬರುತ್ತಾರಲ್ಲ, ಹಾಗೆ.

2007ರಲ್ಲಿ ಷಾನ್ಶಿ ಪ್ರಾಂತದ ಇಟ್ಟಿಗೆ ಗೂಡುಗಳಲ್ಲಿ ಹುಡುಗರನ್ನು ಕದ್ದು ತಂದು ಜೀತಕ್ಕೆ ಹಾಕಿದ್ದು ಬಯಲಾಯಿತು. ಬಯಲು ಮಾಡಿದ್ದು ಮಕ್ಕಳನ್ನು ಕಳೆದುಕೊಂಡ ಅಪ್ಪಂದಿರು ಮತ್ತು ಒಂದಿಬ್ಬರು ಪತ್ರಕರ್ತರು. ಒಂದು ಗೂಡು ನಡೆಸುತ್ತಿದ್ದವನು ಊರಿನ ಪಾರ್ಟಿ ಕಾರ್ಯದರ್ಶಿಯ ಮಗ! ಆ ಗದ್ದಲದ ಬಿಸಿಯಲ್ಲೇ ಜೂನ್ ಕೊನೆಗೆ ಕಾರ್ಮಿಕ ಒಪ್ಪಂದ ಕಾನೂನು ಪಾಸಾಯಿತು, 2008ರ ಜನವರಿ 1ರಿಂದ ಜಾರಿ. ಅದೇ ವರ್ಷ ಜಗತ್ತಿನ ಆರ್ಥಿಕತೆ ಮುಗ್ಗರಿಸಿತು, ಸುಮಾರು 2 ಕೋಟಿ ವಲಸೆ ಕೆಲಸಗಾರರು ಕೆಲಸ ಕಳೆದುಕೊಂಡರು ಅಂತ ಚೀನಾದ ಅಧಿಕಾರಿಗಳೇ ಹೇಳಿದರು, ಕಾನೂನನ್ನು ಕಟ್ಟುನಿಟ್ಟು ಮಾಡಬೇಕಾದ ಸ್ಥಳೀಯ ಸರಕಾರಗಳು ಮೆಲ್ಲಗೆ ಕಣ್ಣು ಮುಚ್ಚಿದವು. 2016ರ ಹೊತ್ತಿಗೆ ಚೀನಾದ ಹಣಕಾಸು ಸಚಿವ ಲೌ ಜಿವೇಯಿ ಬಹಿರಂಗವಾಗಿಯೇ, ಈ ಕಾನೂನು ಕಂಪನಿಗಳ ಕೈ ಕಟ್ಟುತ್ತಿದೆ ಅನ್ನೋ ಅರ್ಥದ ಮಾತಾಡಿದರು. ಹತ್ತು ವರ್ಷ ಹಿಂದೆ ಅಮೆರಿಕನ್ ಚೇಂಬರ್ ಆಡಿದ್ದ ಮಾತು ಕಮ್ಯುನಿಸ್ಟ್ ಸಚಿವರ ಬಾಯಲ್ಲಿ!

ಹಾಗಾದರೆ ಏನೂ ಸುಧಾರಿಸಲೇ ಇಲ್ವಾ? ಸುಧಾರಿಸಿತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತೆ. 2010ರಲ್ಲಿ ಷೆನ್‌ಜೆನ್‌ನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಯುವಕ ಯುವತಿಯರು ಒಬ್ಬರ ಹಿಂದೊಬ್ಬರು ಕಟ್ಟಡದ ಮೇಲಿಂದ ಹಾರಿ ಪ್ರಾಣ ಬಿಟ್ಟಾಗ, ಕಂಪನಿ ಕೆಳಗೆ ಬಲೆ ಕಟ್ಟಿಸಿತು. ಮೂಲ ಸಂಬಳವನ್ನು 900 ಯುವಾನ್‌ನಿಂದ 1,200ಕ್ಕೆ ಏರಿಸಿತು. ಅದೇ ಮೇ ತಿಂಗಳಲ್ಲಿ ಫೋಷಾನ್‌ನ ಹೋಂಡಾ ಗೇರ್‌ಬಾಕ್ಸ್ ಕಾರ್ಖಾನೆಯವರು ಮುಷ್ಕರ ಹೂಡಿದರು. ಗೇರ್‌ಬಾಕ್ಸ್ ಇಲ್ಲದೆ ಚೀನಾದಲ್ಲಿ ಹೋಂಡಾ ಕಾರು ತಯಾರಿಕೆಯೇ ನಿಂತುಹೋಯಿತು. ಸರಕಾರಿ ಯೂನಿಯನ್‌ನ ಜನ ಬಂದು ಮುಷ್ಕರ ಹೂಡಿದವರ ಮೇಲೇ ಕೈ ಮಾಡಿದರು (ಯೂನಿಯನ್ ಅಂದರೆ ಅಲ್ಲಿ ಹಾಗೆ). ಆದರೂ ಅವರು ಬಗ್ಗಲಿಲ್ಲ, ಸಂಬಳ ಚೆನ್ನಾಗೇ ಏರಿತು, ಅಕ್ಕಪಕ್ಕದ ಕಾರ್ಖಾನೆಗಳಿಗೂ ಹಬ್ಬಿತು. ಯಾವ ದೇಶದ ರಾಜಕಾರಣಿಯೂ ಕೊಡಿಸಿದ್ದಲ್ಲ ಅದು. ಹಳ್ಳಿಯಲ್ಲಿ ಮದುವೆ ಮಾಡಿ ಕೂರಿಸುತ್ತಿದ್ದ ಹುಡುಗಿಗೆ ಕಾರ್ಖಾನೆಯ ಸಂಬಳ ಒಂದಿಷ್ಟು ಸ್ವಾತಂತ್ರ್ಯ ಕೊಟ್ಟಿದ್ದೂ ನಿಜ. ಹೊರಗೆ ಕೆಲಸಕ್ಕೆ ಕಾದು ನಿಂತವರೂ ನಿಜವಾಗಿ ಇದ್ದಿರಬಹುದು, ರಾಮ್ನಿಗೆ ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ 2022ರ ಅಕ್ಟೋಬರ್ ಕೊನೆಗೆ, ಕೋವಿಡ್ ನೆಪದಲ್ಲಿ ಝೆಂಗ್‌ಝೌನ ಫಾಕ್ಸ್‌ಕಾನ್ ಆವರಣದಲ್ಲಿ ಸಿಕ್ಕಿಹಾಕಿಕೊಂಡಿದ್ದ ಕೆಲಸಗಾರರು ಚೀಲ ಹೊತ್ತು ಬೇಲಿ ಹಾರಿ, ಹೊಲಗಳ ನಡುವೆ ಊರಿನ ಕಡೆ ನಡೆದುಹೋದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬೇಲಿಯನ್ನು ಒಳಗಿನಿಂದ ಹೊರಗೆ ಹಾರುತ್ತಿದ್ದರು. ಮುಂದಿನ ತಿಂಗಳು ಬೋನಸ್ ವಿಷಯಕ್ಕೆ ಹೊಡೆದಾಟವೇ ಆಯಿತು. ಹೆನಾನ್ ಪ್ರಾಂತದ ಅಧಿಕಾರಿಗಳು ಐಫೋನ್ ಜೋಡಿಸೋಕೆ ಹಳ್ಳಿಗಳಿಂದ ಜನ ಹುಡುಕಿ ಕಳಿಸುವ ಕೆಲಸಕ್ಕೆ ಇಳಿದರು.

ಇನ್ನು 2018ರ ಜುಲೈ. ಈ ಒಂದು ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಜುಲೈ 6ರಂದು ಟ್ರಂಪ್ ಚೀನಾದ 3,400 ಕೋಟಿ ಡಾಲರ್ ಮೌಲ್ಯದ ಸಾಮಾನಿನ ಮೇಲೆ ಸುಂಕ ಹಾಕಿ ವ್ಯಾಪಾರ ಯುದ್ಧ ಶುರು ಮಾಡಿದರು. ಯಾವ ಕಲಮಿನಡಿ? ಅದೇ ಸೆಕ್ಷನ್ 301. ಕೆಲಸಗಾರರ ಹೆಸರಲ್ಲಿ ಎರಡು ಸಲ ಬಾಗಿಲು ಬಡಿದಾಗ ತೆರೆಯದಿದ್ದದ್ದು, ಪೇಟೆಂಟ್ ಮತ್ತು ತಂತ್ರಜ್ಞಾನ ಕಳ್ಳತನದ ಹೆಸರಲ್ಲಿ ತೆರೆಯಿತು. ಅದೇ ತಿಂಗಳು ಷೆನ್‌ಜೆನ್‌ನಲ್ಲಿ ಜಾಸಿಕ್ ಅನ್ನೋ ವೆಲ್ಡಿಂಗ್ ಯಂತ್ರದ ಕಂಪನಿಯ ಕೆಲವು ಕೆಲಸಗಾರರು ಸಂಘ ಕಟ್ಟೋಕೆ ಹೊರಟಿದ್ದರು. ಕಾನೂನುಬಾಹಿರವಾಗೇನೂ ಅಲ್ಲ, ಸರಕಾರಿ ಒಕ್ಕೂಟದ ಅಡಿಯಲ್ಲೇ. ಅವರನ್ನು ಕೆಲಸದಿಂದ ತೆಗೆದರು. ಜುಲೈ 27ಕ್ಕೆ ಸುಮಾರು ಮೂವತ್ತು ಜನರನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವರ ಬೆಂಬಲಕ್ಕೆ ಬಂದವರು ಪೀಕಿಂಗ್ ವಿಶ್ವವಿದ್ಯಾಲಯ ಮುಂತಾದ ಕಡೆಯ ಹುಡುಗ ಹುಡುಗಿಯರು, ಮಾರ್ಕ್ಸ್‌ವಾದಿ ಓದು ಬಳಗದವರು. ಆಗಸ್ಟಿನಲ್ಲಿ ಅವರನ್ನೂ ಎತ್ತಿಕೊಂಡು ಹೋದರು. ಕಾಲೇಜಿನಲ್ಲಿ ಮಾರ್ಕ್ಸ್ ಕಡ್ಡಾಯ ಪಾಠ, ಅದನ್ನು ನಂಬಿ ಕಾರ್ಖಾನೆ ಗೇಟಿಗೆ ಬಂದರೆ ಬಂಧನ.

ವ್ಯಾಪಾರ ಯುದ್ಧದ ಆ ಅಬ್ಬರದಲ್ಲಿ ಅಮೆರಿಕ ಈ ಮೂವತ್ತು ಜನರಿಗಾಗಿ ಏನು ಕೇಳಿತು? 2020ರ ಜನವರಿ 15ರಂದು ಎರಡೂ ದೇಶ ಸಹಿ ಹಾಕಿದ ಮೊದಲ ಹಂತದ ಒಪ್ಪಂದ ತೆರೆದು ನೋಡಿ. ಬೌದ್ಧಿಕ ಆಸ್ತಿ ಇದೆ, ಬ್ಯಾಂಕಿಂಗ್ ಇದೆ, ಕರೆನ್ಸಿ ಇದೆ, 20,000 ಕೋಟಿ ಡಾಲರ್ ಹೆಚ್ಚುವರಿ ಖರೀದಿಯ ಭರವಸೆ ಇದೆ, ಸೋಯಾಬೀನ್ ಇದೆ. ಕಾರ್ಮಿಕರ ಹಕ್ಕಿನ ಬಗ್ಗೆ ಒಂದು ಅಧ್ಯಾಯವೂ ಇಲ್ಲ. ಅದೇ ಕಾಲದಲ್ಲಿ ಮೆಕ್ಸಿಕೋ ಜೊತೆಗಿನ ಒಪ್ಪಂದದಲ್ಲಿ ಅಂಥ ಅಧ್ಯಾಯ ಹಾಕಿಸಿದ್ದರು, ಆದ್ದರಿಂದ ಗೊತ್ತಿಲ್ಲದೆ ಬಿಟ್ಟದ್ದಲ್ಲ.

ಒಂದು ಕಡೆ ಮಾತ್ರ ಅಮೆರಿಕದ ರಾಜಕೀಯ ಹಲ್ಲಿರುವ ಕಾನೂನು ಮಾಡಿತು. ಷಿನ್‌ಜಿಯಾಂಗ್‌ನ ಉಯ್ಘರ್ ಮುಸ್ಲಿಮರನ್ನು ಬಲವಂತದ ದುಡಿಮೆಗೆ ಹಚ್ಚುತ್ತಿರುವುದರ ವಿರುದ್ಧ. ಅಲ್ಲಿಂದ ಬಂದ ಸಾಮಾನು ಬಲವಂತದ ದುಡಿಮೆಯದ್ದೇ ಅಂತ ತಿಳಿಯಲಾಗುತ್ತೆ, ಅಲ್ಲ ಅನ್ನೋದನ್ನು ತರಿಸುವವರೇ ಸಾಬೀತು ಮಾಡಬೇಕು. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಬೆಳೆಯುವ ಜಾಗ ಅದು, ಆದ್ದರಿಂದ ಸಣ್ಣ ಮಾತಲ್ಲ. 2021ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ 428-1ರಿಂದ ಪಾಸಾಯಿತು. ಸಹಿ ಹಾಕಿದ ಅಧ್ಯಕ್ಷರು ಯಾರು ಅಂದರೆ, 2000ದಲ್ಲಿ ಕಾಯಂ ಸ್ಥಾನಮಾನಕ್ಕೆ ಕೈ ಎತ್ತಿದ್ದ ಅದೇ ಜೋ ಬೈಡನ್. ಇದನ್ನು ನಾನು ಮೆಚ್ಚುತ್ತೇನೆ, ತಪ್ಪು ತಿದ್ದಿಕೊಂಡರೆ ಮೆಚ್ಚಬೇಕು. ಆದರೂ 237ಕ್ಕೆ 197 ಅಂತ ಕಚ್ಚಾಡಿದ್ದ ಮನೆ ಇಪ್ಪತ್ತೊಂದು ವರ್ಷಕ್ಕೆ 428ಕ್ಕೆ 1 ಆಗಿದ್ದು ಬರೀ ಮನಸ್ಸಾಕ್ಷಿಯಿಂದ ಅಂತ ನಂಬೋಷ್ಟು ಮುಗ್ಧತೆ ನನಗಿಲ್ಲ. ಅಷ್ಟು ಹೊತ್ತಿಗೆ ಚೀನಾ ಅಂದರೆ ಅಮೆರಿಕಕ್ಕೆ ಮಾರುಕಟ್ಟೆಯಾಗಿ ಉಳಿದಿರಲಿಲ್ಲ, ಎದುರಾಳಿ ಆಗಿತ್ತು. ಜೈಲು ದುಡಿಮೆ 1993ರಲ್ಲೂ ಜೈಲು ದುಡಿಮೆಯೇ ಆಗಿತ್ತಲ್ಲ.

ಮತ್ತೆ 2025. ಏಪ್ರಿಲ್‌ನಲ್ಲಿ ಚೀನಾದ ಮೇಲೆ ಸುಂಕ ಶೇಕಡಾ 145ಕ್ಕೆ ಏರಿತು. ಚೀನಾದ ರೈತಾಪಿಗಳಿಂದ ಸಾಲ ತಂದು ಅದೇ ರೈತಾಪಿಗಳು ಮಾಡಿದ ಸಾಮಾನು ಕೊಳ್ಳುತ್ತಿದ್ದೇವೆ ಅಂತ ಉಪಾಧ್ಯಕ್ಷ ವಾನ್ಸ್ ಮೂದಲಿಸಿದರು. ವಾಣಿಜ್ಯ ಸಚಿವ ಲಟ್ನಿಕ್ ಟೀವಿಯಲ್ಲಿ ಕೂತು, ಲಕ್ಷಾಂತರ ಜನ ಐಫೋನಿಗೆ ಪುಟ್ಟ ಪುಟ್ಟ ಸ್ಕ್ರೂ ತಿರುಗಿಸುತ್ತಾರಲ್ಲ, ಅಂಥ ಕೆಲಸ ಅಮೆರಿಕಕ್ಕೆ ಬರುತ್ತೆ, ಯಂತ್ರಗಳು ಮಾಡುತ್ತವೆ ಅಂದರು. ಹದಿಮೂರು ವರ್ಷದ ಹಿಂದೆ ಅವರದೇ ಪಕ್ಷದ ಅಭ್ಯರ್ಥಿ ಅಯ್ಯೋ ಪಾಪ ಅಂದಿದ್ದ ಕೆಲಸವೇ ಈಗ ಕಿತ್ತು ತರಬೇಕಾದ ನಿಧಿ. ದಪ್ಪದಪ್ಪ ಅಮೆರಿಕನ್ನರು ಸಾಲಾಗಿ ಕೂತು ಬಟ್ಟೆ ಹೊಲಿಯೋ, ಫೋನ್ ಜೋಡಿಸೋ ಹಾಗೆ ಚೀನಾದವರು ಕಂಪ್ಯೂಟರಿನಲ್ಲೇ ವಿಡಿಯೋ ಮಾಡಿ ಹರಿಬಿಟ್ಟರು. ನಕ್ಕೆ. ಆಮೇಲೆ, ಈ ನಗುವಿನಲ್ಲಿ ಆ ಕೆಲಸ ಮಾಡೋ ಚೀನಾದ ಹುಡುಗಿಗೂ ಒಂದು ಏಟು ಬಿತ್ತಲ್ಲ ಅನ್ನಿಸಿ ಸುಮ್ಮನಾದೆ.

ಅದಕ್ಕೆ ಒಂದು ತಿಂಗಳ ಹಿಂದೆ, ಮಾರ್ಚಿನಲ್ಲಿ, ಬೇರೆ ಬೇರೆ ದೇಶಗಳಲ್ಲಿ ಬಾಲ ಕಾರ್ಮಿಕತೆ, ಬಲವಂತದ ದುಡಿಮೆ ತಡೆಯೋಕೆ ಅಮೆರಿಕದ ಕಾರ್ಮಿಕ ಇಲಾಖೆ ಕೊಡುತ್ತಿದ್ದ 50 ಕೋಟಿ ಡಾಲರ್‌ಗೂ ಹೆಚ್ಚಿನ ಅನುದಾನವನ್ನು ರದ್ದು ಮಾಡಿದ್ದರು. ಜೂನ್‌ನಲ್ಲಿ ಹಾಂಗ್‌ಕಾಂಗಿನ ಚೈನಾ ಲೇಬರ್ ಬುಲೆಟಿನ್ ಬಾಗಿಲು ಮುಚ್ಚಿತು. 1989ರಲ್ಲಿ ತಿಯಾನನ್ಮೆನ್‌ನಲ್ಲಿ ಕಾರ್ಮಿಕರನ್ನು ಸಂಘಟಿಸಿ ಜೈಲಿಗೆ ಹೋಗಿದ್ದ ರೈಲ್ವೆ ಕೆಲಸಗಾರ ಹಾನ್ ಡೊಂಗ್‌ಫಾಂಗ್ 1994ರಲ್ಲಿ ಕಟ್ಟಿದ ಸಂಸ್ಥೆ. ಚೀನಾದ ಯಾವ ಊರಲ್ಲಿ ಯಾವ ಕಾರ್ಖಾನೆಯಲ್ಲಿ ಮುಷ್ಕರ, ಯಾಕೆ, ಎಷ್ಟು ಬಾಕಿ ಅಂತ ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸುತ್ತಿದ್ದರು. ರಾಮ್ನಿ ಕೇಳದ ಪ್ರಶ್ನೆಯನ್ನ ಇವರು ಕೇಳುತ್ತಿದ್ದರು. ಅದು ನಿಂತುಹೋದಾಗ ಯಾವ ರಾಜಧಾನಿಯಲ್ಲೂ ಗದ್ದಲ ಆಗಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಇದೆಲ್ಲ ಎಲ್ಲೋ ದೂರದ ಕತೆ ಅಂತ ಬರೆದು ಮುಗಿಸಬಹುದಿತ್ತು. ಆದರೆ ಆ ಕೆಲಸ ಈಗ ಚೀನಾ ಬಿಟ್ಟು ಹೊರಟು ನಮ್ಮ ಕಡೆ ಬರುತ್ತಿದೆ. ಬರಲಿ, ಬೇಡ ಅನ್ನೋಕೆ ನಾನ್ಯಾರು. ಆದರೆ ಕೆಲಸದ ಜೊತೆ ಮಾತೂ ಬರುತ್ತಿದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆ ಆಯಿತಲ್ಲ, ಆಗ ನಮ್ಮ ಮುಖಂಡರ ಮೊದಲ ಚಿಂತೆ ಹೂಡಿಕೆದಾರರು ಏನಂದುಕೊಳ್ಳುತ್ತಾರೋ ಅನ್ನೋದಾಗಿತ್ತು. ನೂರಕ್ಕೂ ಹೆಚ್ಚು ಜನ ಬಂಧನವಾದರು. ಗಾಜು ಒಡೆದಿದ್ದು ತಪ್ಪೇ. ಆದರೆ ಆಮೇಲೆ ಇಲಾಖೆಯವರೇ ತನಿಖೆ ಮಾಡಿದಾಗ, ಎಂಟು ಗಂಟೆಯ ಪಾಳಿಯನ್ನು ಕೆಲಸಗಾರರಿಗೆ ಸರಿಯಾಗಿ ತಿಳಿಸದೆ ಹನ್ನೆರಡಕ್ಕೆ ಏರಿಸಿದ್ದು, ಹಾಜರಾತಿ ಯಂತ್ರ ಕೆಟ್ಟು ಸಂಬಳ ಲೆಕ್ಕ ತಪ್ಪಿದ್ದು ಎಲ್ಲ ಹೊರಬಂತು. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು.

2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದು, ಹೆಂಗಸರಿಗೂ ರಾತ್ರಿ ಪಾಳಿ ಹಾಕಬಹುದು ಅಂತ ಮಾಡಿತು. ಓವರ್‌ಟೈಮ್ ಮಿತಿಯನ್ನೂ ಏರಿಸಿತು. ಮಾರ್ಚ್ ಮೊದಲ ವಾರ ಫಾಕ್ಸ್‌ಕಾನ್ ಅಧ್ಯಕ್ಷರು ಬೆಂಗಳೂರಿಗೆ ಬಂದರು. ಈ ತಿದ್ದುಪಡಿಗೆ ಆಪಲ್ ಮತ್ತು ಫಾಕ್ಸ್‌ಕಾನ್ ಕೂಡ ಒತ್ತಾಯಿಸಿದ್ದವು ಅಂತ ಫೈನಾನ್ಷಿಯಲ್ ಟೈಮ್ಸ್ ಬರೆಯಿತು. ಎರಡೇ ತಿಂಗಳಿಗೆ ಸರಕಾರ ಬದಲಾಯಿತು, ಮಾತೂ ಬದಲಾಗುತ್ತೇನೋ ಅಂದುಕೊಂಡೆ, ಭೂಮಿ ಹಸ್ತಾಂತರ ಮಾಡಿದ್ದಷ್ಟೇ ಕಂಡಿದ್ದು. ಪಕ್ಕದ ತಮಿಳುನಾಡಿನಲ್ಲಿ ಸ್ಟಾಲಿನ್ ಕೂಡ ಅಂಥದ್ದೇ ಮಸೂದೆ ಪಾಸು ಮಾಡಿಸಿದ್ದರು, ಯೂನಿಯನ್‌ಗಳೂ ಮಿತ್ರಪಕ್ಷಗಳೂ ತಿರುಗಿಬಿದ್ದ ಮೇಲೆ ಮೇ ದಿನಕ್ಕೆ ಸರಿಯಾಗಿ ವಾಪಸ್ ತೆಗೆದುಕೊಂಡರು.

ದೇವನಹಳ್ಳಿ ಹತ್ತಿರದ ಆ ಹೊಸ ಕಾರ್ಖಾನೆಯಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಹೊರಗಿನಿಂದ ಬಂದವರಿಗೆ ವಸತಿ ಕಟ್ಟಡಗಳೂ ಎದ್ದಿವೆ. ಅವರು ಚೆನ್ನಾಗಿದ್ದಾರೋ ಇಲ್ಲವೋ ನಾನು ಇಲ್ಲಿ ಕೂತು ತೀರ್ಪು ಕೊಡೋಕಾಗಲ್ಲ, ಕೊಟ್ಟರೆ ರಾಮ್ನಿಗೂ ನನಗೂ ಏನು ವ್ಯತ್ಯಾಸ. ನಿಮ್ಮ ಪೈಕಿ ಯಾರ ಮನೆ ಕಡೆಯಿಂದಾದರೂ, ಬಂಧುಗಳಲ್ಲಾದರೂ ಅಲ್ಲಿ ಕೆಲಸಕ್ಕೆ ಹೋಗುವವರಿದ್ದರೆ ಒಂದು ಮಾತು ಕೇಳಿ ನೋಡಿ: ಹನ್ನೆರಡು ಗಂಟೆ ಪಾಳಿ ಇದ್ದರೆ ವಾರಕ್ಕೆ ಎಷ್ಟು ದಿನ, ಓಟಿಗೆ ಕಾಯಿದೆಯ ಪ್ರಕಾರ ಎರಡರಷ್ಟು ದುಡ್ಡು ಚೀಟಿಯಲ್ಲಿ ಬರುತ್ತಾ, ರಜೆ ದಿನ ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ. ಹೆಸರು ಬೇಡ, ಊರು ಬೇಡ, ಅವರು ಹೇಳಿದ್ದನ್ನು ಹೇಳಿದ ಹಾಗೇ ಕೆಳಗೆ ಬರೆದು ಹೋಗಿ.